ಮೇಲು ಯಾವ ಕಡೆ

ಶೆಡ್ಡು ಖಾಲಿ ಮಾಡಬೇಕಂತೆ, ಆರ್ಡರು ಬಂದಿದೆ.
ಕುಂಸಿ ಆಚೆಯ ಗುಡ್ಡ ಕೊರೆದು ತೆಗೆದ ಕಲ್ಲಿನ ಕೋಲುಗಳು
ನಲವತ್ತು ವರ್ಷದಿಂದ ತಗಡಿನ ಪೆಟ್ಟಿಗೆಗಳಲ್ಲಿ
ಸಾಲಾಗಿ ಮಲಗಿವೆ, ಕೊಯ್ದಿಟ್ಟ ಪಡವಲಕಾಯಿಯ ಹಾಗೆ.
ಎಣಿಸಿ ಬರೆದುಕೊಳ್ಳುವುದು ನನ್ನ ಕೆಲಸ:
ನಂಬರು, ಆಳ, ಸ್ಥಿತಿ.
ಸ್ಥಿತಿ ಅಂತ ಇದ್ದ ಕಡೆಯೆಲ್ಲ ‘ಇದೆ’ ಎಂದು ಬರೆದೆ.
ಇನ್ನೇನು ಬರೆಯಲಿ.

ಕೊನೆಯದಾಗಿ ಒಮ್ಮೆ ನೋಡಲು ಬಂದರು ಮುಬೀನಾ ಮೇಡಂ.
‘ಒಣಗಿದ ಕಲ್ಲು ಬಾಯಿ ಬಿಡಲ್ಲ ಕಣಮ್ಮ’
ಎನ್ನುತ್ತಾ ಕುಡಿಯುವ ಬಾಟಲಿಯ ನೀರನ್ನೇ ಸುರಿದರು.
ಬೂದಿಯ ಬಣ್ಣದಡಿಯಿಂದ ಹಸಿರು ಎದ್ದು ಬಂತು,
ಕೆಸುವಿನೆಲೆಯ ಹಿಂಬದಿಯ ಹಸಿರು.
‘ಇಲ್ಲಿ ಕಡಲಿತ್ತು. ಇನ್ನೂರ ಅರವತ್ತು ಕೋಟಿ ವರ್ಷದ ಹಿಂದೆ.’

ನಾನು ಕಂಡಿದ್ದು ಒಂದೇ ಕಡಲು, ಮುರ್ಡೇಶ್ವರದ್ದು,
ಅದೂ ಅರ್ಧ ಗಂಟೆ, ಬಸ್ಸಿನವನು ಹಾರ್ನ್ ಒತ್ತುವ ತನಕ.
ಈ ಕಡಲಲ್ಲಿ ಮೀನಿರಲಿಲ್ಲವಂತೆ, ಚಿಪ್ಪಿಲ್ಲ,
ಕಡಲು ಅಂತ ಕರೆಯುವ ಬಾಯಿ ಕೂಡ ಇಲ್ಲ.
ಕತ್ತಲ ತಳ ಸೀಳಿ ಬೆಂಕಿ ಉಕ್ಕುತ್ತಿತ್ತು.
ಉಕ್ಕಿದ್ದು ನೀರು ತಾಕಿದೊಡನೆ ಕೆನೆಗಟ್ಟಿ
ಒಳಗಿನ್ನೂ ಕುದಿಯುತ್ತಾ ಉರುಳಿ
ಒಂದರ ಮೇಲೊಂದು ಕೂತುಕೊಂಡಿತು.
‘ದಿಂಬು ಅಂತೀವಿ ಇದಕ್ಕೆ.’
ದಿಂಬು!
ಯಾರ ತಲೆಗೆ?

ಕೆಳಗಿನೆರಡರ ಸಂದಿಗೆ ಮೇಲಿನದರ ಹೊಟ್ಟೆ ಜೋತು ಬೀಳುತ್ತದೆ,
ಬೆನ್ನು ಮಾತ್ರ ಗುಂಡಗೆ.
ಒಳಗಿನ ಗುಳ್ಳೆಗಳು ಏರಿ ಏರಿ
ಬೆನ್ನಿನ ಚರ್ಮದಡಿ ಸಿಕ್ಕಿಕೊಂಡು ಕಲ್ಲಾಗುತ್ತವೆ.
ಆಮೇಲೆ ನೆಲ ಮಡಿಸಲಿ, ಹಿಂಡಲಿ, ಬೋರಲು ಹಾಕಲಿ,
ಹುಟ್ಟಿದ ಹೊತ್ತಿಗೆ ಮೇಲು ಯಾವ ಕಡೆ ಇತ್ತೆಂದು
ಕಲ್ಲು ಮರೆಯುವುದಿಲ್ಲ.

ಪೆಟ್ಟಿಗೆ ಮೂವತ್ತೊಂದು. ನೂರ ಹದಿನಾಲ್ಕು ಮೀಟರು.
ಇಲ್ಲಿ ಬೆರಳಗಲದ ಅದಿರು:
ತಾಮ್ರ, ಸತು, ಚಿನ್ನದ ವೇಷ ಹಾಕಿದ ಗಂಧಕದ ಕಬ್ಬಿಣ.
ಕಡಲಡಿಯ ಬಿಸಿ ಊಟೆ ಉಗುಳಿದ ಕರಿಹೊಗೆ
ಹೆಪ್ಪಾಗಿ ಉಳಿದಿದ್ದು ಇಷ್ಟು.
‘ಗಣಿ ಮಾಡುವಷ್ಟಿಲ್ಲ’ ಅಂತ
ಯಾರೋ ಮೂರು ಸಾಲು ಬರೆದು ಫೈಲು ಮುಚ್ಚಿದ್ದರು.
ಗುಡ್ಡ ಉಳಿಯಿತು.

ಮೇಡಂ ಕೈ ನಿಂತಿತು.
ಪಕ್ಕದ ತುಂಡಿನಲ್ಲಿ ಗುಳ್ಳೆಗಳೆಲ್ಲ ಬುಡಕ್ಕಿವೆ.
ಬಿಳಿ ಪೇಂಟಿನ ಬಾಣ ಮಾತ್ರ ಇನ್ನೊಂದು ತುದಿ ತೋರಿಸುತ್ತಿದೆ.
‘ಒಂದೋ ಗುಡ್ಡ ಮಗುಚಿದೆ, ಇಲ್ಲಾ
ಬಾಣ ಹಾಕಿದ ಪುಣ್ಯಾತ್ಮ ಕೋಲು ಮಗುಚಿದ್ದಾನೆ.’

ಪುಣ್ಯಾತ್ಮನ ಹೆಸರು ಗುತ್ಯಪ್ಪ, ನನ್ನ ಅಪ್ಪ.
ಡ್ರಿಲ್ಲರ್ ಅಂತೋಣಿಸಾಮಿ ಕಲಿಸಿದ
ಅವನ ಒಂದೇ ಅಕ್ಷರ ಆ ಬಾಣ.
ಹೇಳಲಿಲ್ಲ ನಾನು.

ಆ ವರ್ಷ ಮಂಗನ ಕಾಯಿಲೆ.
ಕೊರೆಯುವ ಜಾಗಕ್ಕೆ ಹೋಗುವ ದಾರಿಯಲ್ಲೇ ಮೂರು ಮಂಗ ಸತ್ತು ಬಿದ್ದಿದ್ದವು.
ಅಪ್ಪನಿಗೆ ಜ್ವರ ಏರಿತ್ತು, ದಿನಗೂಲಿ, ಹೋಗಿದ್ದ.
ಆಮೇಲೆ ಎಷ್ಟೋ ಸಲ ಹೇಳುತ್ತಿದ್ದ:
‘ಆವತ್ತು ಆಕಾಶ ನನ್ನ ಕಾಲಡಿ ಇತ್ತು ಮಗಾ,
ಮರ ಎಲ್ಲ ಜೋತಾಡ್ತಿದ್ವು ಬಾವಲಿ ಥರ.’
ಅದೇ ದಿನದ ಕೋಲೋ ಇದು, ಬೇರೆ ದಿನದ್ದೋ.
ಅಪ್ಪ ಇಲ್ಲ ಕೇಳಲು.
ಗುಡ್ಡ ಇದೆ, ಆದರೆ ಅದು ಎದ್ದು ಬಂದು
‘ನಾನೇ ಮಗುಚಿದ್ದು, ಆ ಹುಡುಗನದ್ದೇನೂ ತಪ್ಪಿಲ್ಲ’
ಎಂದು ಸಾಕ್ಷಿ ಹೇಳೀತೇ?

ಒರೆಸಿ ತಿದ್ದಲೇ ಅಂದೆ. ಥಿನ್ನರ್ ಇತ್ತು, ಬಟ್ಟೆ ಇತ್ತು.
ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.
‘ಬೇಡ. ಎರಡೂ ಇರಲಿ.’

ಲಾರಿ ಬಂತು. ಹಮಾಲಿ ಹುಡುಗ ಪೆಟ್ಟಿಗೆ ಎತ್ತಿ
ಹೆಗಲಿಗೆ ಆನಿಸಿಕೊಂಡು ಬಾಗಿಲಲ್ಲಿ ನಿಂತ:
‘ಹೆಂಗ್ ಇಡ್ಲಿ ಅಕ್ಕಾ, ಇದ್ರಾಗೆ ಮೇಲ್ ಯಾವ್ ಕಡೆ?’
ಕೋಲಿನ ಮೇಲಿನ ನೀರು ಅಷ್ಟರಲ್ಲಿ ಆರಿತ್ತು.
ಸ್ಥಿತಿಯ ಸಾಲಿನಲ್ಲಿ ‘ಇದೆ’ ಎಂದು ಬರೆದು
ಪೆನ್ನಿನ ಕ್ಯಾಪು ಹಾಕಿದೆ.
‘ಮೆಲ್ಲಗೆ ಇಡು,’ ಅಂದೆ, ‘ಅಷ್ಟೆ.’